ಡಿಟೆಕ್ಟರ್ ತಂತಿಗೆ ಬರುವುದು ಮುಪ್ಪಾ, ಜಿಡ್ಡಾ, ಕಿಟ್ಟವಾ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಗ್ಯಾಸ್ ತುಂಬಿದ ಕಣ ಡಿಟೆಕ್ಟರ್‌ಗಳ ಬಗ್ಗೆ ಬರೆಯುತ್ತಿದ್ದೇನೆ. 'ಏಜಿಂಗ್' ಅನ್ನುವ ಒಂದು ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ ನಿಂತುಬಿಟ್ಟಿದ್ದೇನೆ.

1968ರಲ್ಲಿ ಜಿನೀವಾ ಹತ್ತಿರದ ಕಣ ಭೌತಶಾಸ್ತ್ರದ ಪ್ರಯೋಗಾಲಯ ಸರ್ನ್‌ನಲ್ಲಿ ಜಾರ್ಜ್ ಶಾರ್ಪಾಕ್ ಕಟ್ಟಿದ ತಂತಿ ಚೇಂಬರ್ (ಗ್ಯಾಸ್ ತುಂಬಿದ ಪೆಟ್ಟಿಗೆಯಲ್ಲಿ ಸಾಲಾಗಿ ತಂತಿ ಎಳೆದ ಡಿಟೆಕ್ಟರ್) ಗೊತ್ತಲ್ವಾ, 1992ರ ನೊಬೆಲ್ ಬಂದಿದ್ದು ಅದಕ್ಕೇ. ಇಂಥ ಚೇಂಬರಿನ ತಂತಿ ಸಾಮಾನ್ಯವಾಗಿ 20 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳ್ಳಗೆ, ಚಿನ್ನದ ಲೇಪ ಕೊಟ್ಟ ಟಂಗ್‌ಸ್ಟನ್. ಕಣ ಹಾದುಹೋದಾಗ ತಂತಿಯ ಹತ್ತಿರ ಒಂದು ಎಲೆಕ್ಟ್ರಾನ್ ಸಾವಿರಾರು ಆಗುತ್ತದೆ. ಆ ಹೊಡೆತಕ್ಕೆ ಗ್ಯಾಸಿನ ಅಣುಗಳೂ ಒಡೆಯುತ್ತವೆ, ಚೂರುಗಳು ಒಂದಕ್ಕೊಂದು ಅಂಟಿ ತಂತಿಯ ಮೇಲೆ ಕೂರುತ್ತವೆ. ತಂತಿ ದಪ್ಪವಾಗುತ್ತಾ ಹೋಗುತ್ತದೆ, ಸಿಗ್ನಲ್ ಕುಗ್ಗುತ್ತದೆ. ಇದೇ ಏಜಿಂಗ್.

ಹಾಗಾಗಿ 'ಸವೆತ' ಸರಿಹೋಗುವುದಿಲ್ಲ, ತಂತಿ ಸವೆಯುತ್ತಿಲ್ಲವಲ್ಲ. 'ಮುಪ್ಪು' ಚೆಂದದ ಪದ. ಆದರೆ ಮುಪ್ಪು ಸುಮ್ನೆ ಕೂತವರಿಗೂ ಬರುತ್ತದೆ. ಇಲ್ಲಿ ಲೆಕ್ಕ ಇಡುವುದು ವರ್ಷದಿಂದಲ್ಲ, ತಂತಿಯ ಒಂದೊಂದು ಸೆಂಟಿಮೀಟರಿಗೆ ಎಷ್ಟು ಕೂಲಂಬ್ ಚಾರ್ಜ್ ಬಂದು ಸೇರಿದೆ ಅನ್ನುವುದರಿಂದ.

ನಮ್ಮ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇಳಿಸಿ ತೊಳೆಯುವಾಗ ನನಗೆ 'ಜಿಡ್ಡುಗಟ್ಟುವುದು' ಹೊಳೆಯಿತು. ಎಣ್ಣೆಯ ಹೊಗೆ ರೆಕ್ಕೆಗಳ ಮೇಲೆ ಕೂತು ಕಂದು ಅಂಟಾಗಿತ್ತು, ಉಗುರಿನಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಅಲ್ಲೂ ಅಷ್ಟೇ, ಫ್ಯಾನ್ ಹಾಕಿ ಎಷ್ಟು ವರ್ಷವಾಯಿತು ಅನ್ನುವುದಕ್ಕಿಂತ ಒಲೆಯ ಮೇಲೆ ಎಷ್ಟು ಕರಿದೆವು ಅನ್ನುವುದೇ ಜಾಸ್ತಿ ಮುಖ್ಯ. ತೊಡಕು ಒಂದೇ: ಸಿಲಿಕೋನ್ ಗ್ರೀಸಿನ ಅಥವಾ ಸೀಲಿನ ಆವಿ ಒಂದಿಷ್ಟು ಗ್ಯಾಸಿಗೆ ಸೇರಿದರೂ ಸಾಕು, ತಂತಿಯ ಮೇಲೆ ಸಿಲಿಕಾನ್ ಪದರ ಕಟ್ಟುತ್ತದೆ. ಅದು ಗಟ್ಟಿ, ಜಿಡ್ಡಲ್ಲ. ಅದಕ್ಕೆ 'ಕಿಟ್ಟ ಕಟ್ಟುವುದು' ಮೇಲು ಅನಿಸುತ್ತದೆ. ಎರಡಕ್ಕೂ ಒಂದೇ ಪದ ಸಾಕಾ, ಬೇರೆ ಬೇರೆ ಬೇಕಾ?

ಇನ್ನೊಂದು ಪ್ರಶ್ನೆ. ಎಲ್‌ಎಚ್‌ಸಿಬಿ ಅನ್ನುವ ಸರ್ನ್ ಪ್ರಯೋಗದಲ್ಲಿ, ಕಣಗಳ ಜಾಡು ಹಿಡಿಯುವ ಹೊರಗಿನ ಟ್ರ್ಯಾಕರಿನಲ್ಲಿ, ತಂತಿ ಕೆಡಿಸಿದ್ದು ಅದನ್ನು ಜೋಡಿಸಲು ಬಳಸಿದ ಅಂಟಿನಿಂದ ಹೊರಟ ಆವಿ. ಅಂಟು, ರಬ್ಬರ್, ಪಿವಿಸಿ ಪೈಪು ಹೀಗೆ ಸದ್ದಿಲ್ಲದೆ ತಿಂಗಳುಗಟ್ಟಲೆ ಆವಿ ಬಿಡುವುದಕ್ಕೆ ಏನನ್ನೋಣ? 'ಕಾರುವುದು' ಅಂದರೆ ಬೆಂಕಿ ಕಾರಿದ ಹಾಗೆ ಜೋರಾಗುತ್ತದೆ. 'ಬೆವರುವುದು' ಅಂದರೆ ನೀರಿನ ಹನಿಯ ಚಿತ್ರ ಕಣ್ಮುಂದೆ ಬರುತ್ತದೆ. ಹೊಸ ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುತ್ತದಲ್ಲ, ಅದಕ್ಕೆ ನಿಮ್ಮ ಊರಲ್ಲಿ ಏನಾದರೂ ಪದ ಇದ್ದರೆ ದಯವಿಟ್ಟು ತಿಳಿಸಿ.