ಬುಗಾಟಿ ರೋಯಾಲ್‌ಗೆ ಹಳೇ ಬಣ್ಣ ವಾಪಸ್ ಬರಬೇಕಾ?

ಹಳೇಗಾಲಿ: ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಬುಗಾಟಿ ಕಂಪನಿಯ ಭಾರೀ ಉದ್ದದ ಐಷಾರಾಮಿ ಕಾರು ರೋಯಾಲ್ ಒಂದಿದೆ, ಷಾಸಿ (ಕಾರಿನ ಅಡಿ ಚೌಕಟ್ಟು) ನಂಬರ್ 41121. ಷಾಸಿ, ಎಂಜಿನ್ ಬುಗಾಟಿಯದು. ಬಾಡಿ ಕಟ್ಟಿದ್ದು ಮ್ಯೂನಿಕ್‌ನ ವೈನ್‌ಬರ್ಗರ್. 1932ರಲ್ಲಿ ಡಾಕ್ಟರ್ ಯೋಸೆಫ್ ಫುಕ್ಸ್ ಕೈಗೆ ಬಂದಾಗ ಅದರ ಬಣ್ಣ ಕಪ್ಪು-ಹಳದಿ, ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಒಂದೇ. ಈಗ ಬಿಳಿ ಬಣ್ಣ, ಹಸಿರು ಅಂಚು, ನಾಲ್ಕು ಕಾರ್ಬ್ಯುರೇಟರ್. ಇದನ್ನು ವೈನ್‌ಬರ್ಗರ್ ಕಾರು ಅಂತ ಕರೆದು, ಅವನು ಕೊಟ್ಟ ರೂಪವನ್ನೇ ಮುಚ್ಚಿಡುವುದು ಸರಿನಾ? ಮೊದಲಿನ ಹಾಗೆ ಮಾಡಬೇಕು ಅನ್ನುವುದು ನನ್ನ ವಾದ.

ಕೀಲೆಣ್ಣೆ: ನಾನು ಒಪ್ಪುವುದಿಲ್ಲ. ಫುಕ್ಸ್ ಜರ್ಮನಿ ಬಿಟ್ಟು ಶಾಂಘೈ ದಾರಿಯಾಗಿ ನ್ಯೂಯಾರ್ಕ್ ಸೇರಿದ, ಕಾರೂ ಜೊತೆಗೇ ಹೋಯಿತು. ಅಲ್ಲಿನ ಚಳಿಗೆ ಎಂಜಿನ್ ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಲೋಹದ ಒಡಲು, ಸೀಳಿತು. 12.7 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಅದು, ಬೇರೆ ಬ್ಲಾಕ್ ಎಲ್ಲಿಂದ ತರುವುದು? ಕಾರು ಗುಜರಿ ಸೇರಿತು. 1940ರ ದಶಕದಲ್ಲಿ ಅದನ್ನು ಅಲ್ಲಿಂದ ಎತ್ತಿ ತಂದವನು ಜನರಲ್ ಮೋಟರ್ಸ್ ಎಂಜಿನಿಯರ್ ಚಾರ್ಲ್ಸ್ ಚೇನ್. ಬಿಳಿ ಬಣ್ಣ, ನಾಲ್ಕು ಕಾರ್ಬ್ಯುರೇಟರ್ ಎರಡೂ ಅವನ ಕೆಲಸ. ಅವನು ಇಲ್ಲದಿದ್ದರೆ ಇವತ್ತು ಬಣ್ಣದ ಚರ್ಚೆಗೆ ಕಾರೇ ಇರುತ್ತಿರಲಿಲ್ಲ, ಅಲ್ವಾ?

ಹಳೇಗಾಲಿ: ಚೇನ್ ಕಾರು ಉಳಿಸಿದ, ಅದಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಜೀವ ಉಳಿಸಿದವನು ಹೆಸರನ್ನೂ ಬದಲಾಯಿಸಬೇಕಾ? ಬ್ಲಾಕ್ ರಿಪೇರಿ ಆಗಲೇಬೇಕಿತ್ತು. ಬಿಳಿ ಬಣ್ಣ ಅವನ ಇಷ್ಟ ಅಷ್ಟೇ.

ಬೆಳ್ಳಿಆನೆ: ಅವನ ಇಷ್ಟಕ್ಕೂ ಈಗ ವಯಸ್ಸಾಗಿದೆ ರೀ. ಕಪ್ಪು-ಹಳದಿಯಲ್ಲಿ ಈ ಕಾರು ಹೆಚ್ಚೆಂದರೆ ಹದಿನೈದು ವರ್ಷ ಇತ್ತು. ಬಿಳಿಯಲ್ಲಿ ಎಪ್ಪತ್ತು ವರ್ಷ ದಾಟಿದೆ. 1950ರ ದಶಕದ ಕೊನೆಗೆ ಚೇನ್ ದಂಪತಿ ಅದನ್ನು ಮ್ಯೂಸಿಯಂಗೆ ದಾನ ಕೊಟ್ಟಿದ್ದೂ ಇದೇ ಬಣ್ಣದಲ್ಲಿ. ಇನ್ನೊಂದು ರೋಯಾಲ್ ನೋಡಿ, 41111. ಕಂಪನಿ ಕಟ್ಟಿದವನ ಮಗ ಜ್ಯಾಂ ಬುಗಾಟಿ ಅದಕ್ಕೆ ಹೆಡ್‌ಲೈಟೇ ಇಲ್ಲದ ರೋಡ್‌ಸ್ಟರ್ (ಎರಡು ಸೀಟಿನ ತೆರೆದ ಕಾರು) ಬಾಡಿ ರೂಪಿಸಿದ್ದ. ಕೊಂಡವನು ಅರ್ಮಾಂ ಎಸ್ದೆರ್ಸ್. ಆಮೇಲಿನ ಮಾಲೀಕ ಆ ಬಾಡಿ ತೆಗೆಸಿ, ಪ್ಯಾರಿಸ್‌ನ ಬಿಂದೆರ್ ಹತ್ತಿರ ಬೇರೆಯೇ ಕಟ್ಟಿಸಿದ. ಹಳೇ ರೂಪವೇ ನಿಜ ಅಂತ ಬಿಂದೆರ್ ಬಾಡಿ ಕಿತ್ತು ಎಸೆಯುತ್ತೀರಾ?

ಹಳೇಗಾಲಿ: ಅದು ಬೇರೆ ಮಾತು. ಬಿಂದೆರ್ ಕೂಡ ಬಾಡಿ ಕಟ್ಟುವ ಕಸುಬಿನವನು, ಅವನದೂ ಪೂರ್ತಿ ಹೊಸ ಕೆಲಸ. ಇಲ್ಲಿ ವೈನ್‌ಬರ್ಗರ್ ಬಾಡಿ ಹಾಗೇ ಇದೆ, ಮೇಲಿನ ಬಣ್ಣ ಮಾತ್ರ ಬೇರೆ. ಅಷ್ಟು ಉದ್ದದ ಕಾರಿನ ಗೆರೆ ಕಪ್ಪಿನಲ್ಲಿ ಕಾಣುವುದೇ ಬೇರೆ, ಬಿಳಿಯಲ್ಲಿ ಕಾಣುವುದೇ ಬೇರೆ.

ಮರಳುಕಾಗದ: ನಾನು ಹಳೇ ಗಾಡಿಗಳ ಪೇಂಟ್ ಕೆಲಸದವನು. ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಹಳೇ ಬಣ್ಣ ತಿಳಿಯಬೇಕಾದರೆ ಬಾಗಿಲಿನ ಹಿಂಜ್ ಹಿಂದೆ, ಕಣ್ಣಿಗೆ ಬೀಳದ ಕಡೆ, ನಾಣ್ಯದಷ್ಟು ಜಾಗವನ್ನು ನುಣುಪಾದ ಮರಳುಕಾಗದದಿಂದ ನೀರು ಹಾಕಿ ಉಜ್ಜುತ್ತೇವೆ. ನಡುವೆ ಆಳವಾಗಿ, ಅಂಚಿಗೆ ಹೋದಂತೆ ತೆಳುವಾಗಿ. ಆಗ ಒಂದೊಂದು ಪದರವೂ ಬಳೆಯ ಹಾಗೆ ತೆರೆದುಕೊಳ್ಳುತ್ತದೆ: ನಡುವೆ ತಗಡು, ಆಮೇಲೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ), ಮೊದಲ ಬಣ್ಣ, ನಂತರದ ಬಣ್ಣಗಳು. ಇಡೀ ಕಾರು ಉಜ್ಜಿ ಹೊಸ ಕಪ್ಪು ಹೊಡೆದರೆ ಆ ಬಳೆಗಳೆಲ್ಲ ಹೋದವು. ಚೇನ್ ಕೆಲಸವೂ ಹೋಗುತ್ತದೆ. ಅದರಡಿ ವೈನ್‌ಬರ್ಗರ್ ಬಣ್ಣದ ಚೂರೇನಾದರೂ ಉಳಿದಿದ್ದರೆ ಅದೂ ಹೋಗುತ್ತದೆ. ನೀವು ಹೊಡೆಯುವ ಕಪ್ಪು ಇವತ್ತಿನ ಕಪ್ಪು, 1932ರದ್ದಲ್ಲ.

ಕೀಲೆಣ್ಣೆ: ಕಾರ್ಬ್ಯುರೇಟರ್ ವಿಷಯ ಹಾಗಲ್ಲ. ಬೋಲ್ಟ್ ಬಿಚ್ಚಿ ಬದಲಿಸಬಹುದು, ಬೇಡ ಅನಿಸಿದರೆ ತಿರುಗಿ ಕೂರಿಸಬಹುದು. ಆದರೂ ನಾನು ಮುಟ್ಟುವುದಿಲ್ಲ. ಅಷ್ಟು ದೊಡ್ಡ ಎಂಜಿನ್ ರಸ್ತೆಯ ಮೇಲೆ ಚೆನ್ನಾಗಿ ಓಡಲಿ ಅಂತಲೇ ಚೇನ್ ನಾಲ್ಕು ಹಾಕಿದ್ದು.

ಹಳೇಗಾಲಿ: ಮರಳುಕಾಗದ ಅವರೇ, ಪದರದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಪೇಂಟ್ ಮುಟ್ಟುವುದು ಬೇಡ, ಒಪ್ಪಿದೆ. ಆದರೆ ಕಪ್ಪು-ಹಳದಿ ರೂಪದ ದೊಡ್ಡ ಚಿತ್ರವೊಂದು ಕಾರಿನ ಪಕ್ಕದಲ್ಲೇ ಇರಬೇಕು. ನೋಡಲು ಬಂದವರು ಬಿಳಿಯೇ ವೈನ್‌ಬರ್ಗರ್ ಬಣ್ಣ ಅಂದುಕೊಂಡು ಹೋಗಬಾರದು.

ಬೆಳ್ಳಿಆನೆ: ಅದಕ್ಕೆ ನಂದೂ ಒಪ್ಪಿಗೆ. ಸೀಳಿದ ಬ್ಲಾಕಿನ ಕಥೆಯನ್ನೂ ಅಲ್ಲೇ ಬರೆದಿರಲಿ.