ಕಿಯಾಂಟಿ ಗುಡ್ಡಗಳಿಗೆ 11-28 ಕ್ಯಾಸೆಟ್ ಸಾಕೇ? ಟೈರ್, ಬಿಳಿ ರಸ್ತೆ, ಇಳಿಜಾರಿನ ಬಗ್ಗೆಯೂ ಸಲಹೆ ಬೇಕು

ದ್ರಾಕ್ಷಿದಾರಿ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಇಟಲಿಯ ಟಸ್ಕನಿಗೆ ಹೋಗುತ್ತಿದ್ದೇನೆ. ಗ್ರೆವೆಯಿಂದ ಪಾಂಜಾನೊ, ಕಾಸ್ತೆಲ್ಲಿನಾ ಮೇಲೆ ಸಿಯೆನಾ. ಅಲ್ಲಿಂದ ಗಾಯೊಲೆ, ರಾದ್ದಾ ಮೂಲಕ ವಾಪಸ್ ಗ್ರೆವೆ. ಒಟ್ಟು 100 ಕಿ.ಮೀ. ಆಸುಪಾಸು. ನಡುವೆ ಬ್ರೋಲಿಯೊ ಕೋಟೆಯ ಹತ್ತಿರದ ಬಿಳಿ ಮಣ್ಣುರಸ್ತೆಯನ್ನೂ ಸೇರಿಸಿಕೊಳ್ಳುವ ಆಸೆ.

ಬೈಕಿನ ವಿವರ: 50/34 ಚೈನ್‌ರಿಂಗ್ (ಪೆಡಲ್ ಬಳಿಯ ಎರಡು ಹಲ್ಲುಚಕ್ರ, 50 ಮತ್ತು 34 ಹಲ್ಲಿನವು), 11-28 ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು, 11ರಿಂದ 28 ಹಲ್ಲು), ಶಿಮಾನೊ 105 ಆರ್7000 ಗೇರ್ ಸೆಟ್, ರಿಮ್ ಬ್ರೇಕ್, 25 ಎಂಎಂ ಟೈರ್, ಒಳಗೆ ಟ್ಯೂಬ್. ನನ್ನ ತೂಕ, ಬೈಕು, ನೀರು, ಸಾಮಾನು ಎಲ್ಲ ಸೇರಿ 86 ಕೆ.ಜಿ. ನಕ್ಷೆಯಲ್ಲಿ ಅತಿ ಎತ್ತರದ ಜಾಗವೂ 600 ಮೀಟರಿನ ಸುತ್ತಮುತ್ತಲೇ ಕಾಣುತ್ತದೆ. ಹಾಗಿದ್ದ ಮೇಲೆ ಗೇರು ಬದಲಿಸುವ ಅಗತ್ಯ ಇದೆಯೇ?

ಹಲ್ಲುಲೆಕ್ಕ:
ಇದೆ. ಎತ್ತರದ ಅಂಕಿ ನೋಡಿ ಕಿಯಾಂಟಿಯನ್ನು ಅಳೆಯಬೇಡಿ. ಗ್ರೆವೆ ಇರುವುದು 236 ಮೀಟರಿನಲ್ಲಿ, ಕಾಸ್ತೆಲ್ಲಿನಾ 578ರಲ್ಲಿ. ವ್ಯತ್ಯಾಸ 342 ಮೀಟರ್ ಅಷ್ಟೇ ಅನ್ನಿಸುತ್ತದೆ. ಆದರೆ ಪಾಂಜಾನೊಗೆ ಹತ್ತಿದ್ದನ್ನು ಪೇಸಾ ಹೊಳೆಯ ಕಣಿವೆಗೆ ಇಳಿಯುತ್ತಾ ಕಳೆದುಕೊಂಡು, ಕಾಸ್ತೆಲ್ಲಿನಾಗೆ ಮತ್ತೆ ಹತ್ತಬೇಕು. ಊರುಗಳು ದಿಣ್ಣೆಯ ಮೇಲೆ, ತೊರೆಗಳು ಕೆಳಗೆ. ರಸ್ತೆ ಎರಡನ್ನೂ ಮುಟ್ಟಿಕೊಂಡೇ ಸಾಗುತ್ತದೆ. ನೀವು ಹೇಳಿದ ಸುತ್ತಿಗೆ 1,500 ಮೀಟರಿಗಿಂತ ಹೆಚ್ಚು ಏರು ಲೆಕ್ಕ ಹಾಕಿಕೊಳ್ಳಿ.

ದೊಡ್ಡ ಪರ್ವತದ ದಾರಿಯಲ್ಲಿ 6-7% ಏರು ಒಂದೇ ಸಮ ಸಿಗುತ್ತದೆ, ಲಯ ಕೂರುತ್ತದೆ. ಇಲ್ಲಿ ಮುಖ್ಯರಸ್ತೆ ಬಿಟ್ಟ ಕೂಡಲೇ ಐನೂರು ಮೀಟರಿನಷ್ಟು 12%, ಆಮೇಲೆ ಇಳಿತ, ಮತ್ತೆ 10%. ಸಿಯೆನಾ ಊರೊಳಗೆ ಸ್ಟ್ರಾದೆ ಬಿಯಾಂಕೆ ರೇಸಿನ ಕೊನೆಯ ಏರಾದ ಸಾಂತಾ ಕತೆರಿನಾ ಬೀದಿ ಕಲ್ಲುಹಾಸಿನದು, ಅಲ್ಲಿ ಗರಿಷ್ಠ 16%.

ಈಗ ಲೆಕ್ಕ. 12% ಏರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ, 34/28 ಗೇರಿನಲ್ಲಿ (ಮುಂದೆ 34, ಹಿಂದೆ 28 ಹಲ್ಲು) ವೇಗ ಗಂಟೆಗೆ ಸುಮಾರು 9.3 ಕಿ.ಮೀ. 86 ಕೆ.ಜಿ.ಗೆ ಅದು ಕೇಳುವ ಶಕ್ತಿ 275 ವ್ಯಾಟ್ ಹತ್ತಿರ. 34/34 ಹಾಕಿದರೆ 7.7 ಕಿ.ಮೀ., 225 ವ್ಯಾಟ್. ಆ 50 ವ್ಯಾಟ್ ಉಳಿತಾಯ ಮೊದಲ ಏರಿನಲ್ಲಿ ಗೊತ್ತಾಗುವುದಿಲ್ಲ, ಹತ್ತನೆಯ ಏರಿನಲ್ಲಿ ತೊಡೆಗೆ ಗೊತ್ತಾಗುತ್ತದೆ.

ಆದ್ದರಿಂದ 11-34 ಹಾಕಿ. ಗಮನಿಸಬೇಕಾದ್ದು:

ಮೊದಲು ಹಿಂದಿನ ಡಿರೇಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒಳಬದಿಯ ಅಚ್ಚು ಓದಿ. ಆರ್‌ಡಿ-ಆರ್7000-ಜಿಎಸ್ ಎಂದಿದ್ದರೆ ಉದ್ದ ಕೇಜ್ (ಚೈನನ್ನು ಎಳೆದು ಹಿಡಿಯುವ ತೋಳು), 34 ಹಲ್ಲಿನವರೆಗೆ ಹಿಡಿಯುತ್ತದೆ. ಎಸ್‌ಎಸ್ ಎಂದಿದ್ದರೆ ಮಿತಿ 30.

ಶಿಮಾನೊದ 11 ಸ್ಪೀಡ್ 11-34 ಕ್ಯಾಸೆಟ್ಟನ್ನು (ಎಚ್‌ಜಿ700, ಎಚ್‌ಜಿ800) 11 ಸ್ಪೀಡ್ ರೋಡ್ ಹಬ್ಬಿಗೆ (ಚಕ್ರದ ನಡುಭಾಗ) ಹಾಕುವಾಗ ಹಿಂದೆ 1.85 ಎಂಎಂ ಸ್ಪೇಸರ್ (ತೆಳು ಬಳೆ) ಇರಲೇಬೇಕು. ಮರೆತರೆ ಲಾಕ್‌ರಿಂಗ್ (ಕ್ಯಾಸೆಟ್ಟನ್ನು ಬಿಗಿಯುವ ತಿರುಪುಬಳೆ) ಪೂರ್ತಿ ಬಿಗಿಯಾದರೂ ಕ್ಯಾಸೆಟ್ ಅಲ್ಲಾಡುತ್ತದೆ, ಗೇರು ಒಂದೂ ಸರಿಯಾಗಿ ಕೂರುವುದಿಲ್ಲ. ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಯಿರಿ.

ಹಳೇ ಚೈನ್ ಸಾಲುವುದಿಲ್ಲ. 28ರಿಂದ 34ಕ್ಕೆ ಹೋದಾಗ ಸಾಮಾನ್ಯವಾಗಿ ನಾಲ್ಕು ಲಿಂಕ್ ಹೆಚ್ಚು ಬೇಕು. ಸವೆದ ಚೈನಿಗೆ ತುಂಡು ಜೋಡಿಸುವ ಬದಲು ಹೊಸದನ್ನೇ ಹಾಕಿ. ಗಿಡ್ಡ ಚೈನಿನಲ್ಲಿ ಅಪ್ಪಿತಪ್ಪಿ 50-34ಕ್ಕೆ (ಮುಂದೆ 50, ಹಿಂದೆ 34) ಹೋದರೆ ಡಿರೇಲರ್ ಹ್ಯಾಂಗರ್ (ಅದನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಸಮೇತ ಕಿತ್ತು ಬರುತ್ತದೆ. ಕೊನೆಗೆ ಡಿರೇಲರಿನ ಬಿ-ಟೆನ್ಷನ್ ಸ್ಕ್ರೂ ತಿರುಗಿಸಿ, ಅದರ ಮೇಲಿನ ಪುಲ್ಲಿಗೂ (ಪುಟ್ಟ ಗಾಲಿ) 34ರ ಹಲ್ಲಿಗೂ ನಡುವೆ 5-6 ಎಂಎಂ ಜಾಗ ಬಿಡಿ.

ಬಿಳಿಧೂಳು:
ಗೇರಿನ ಮಾತಿಗೆ ನನ್ನ ಸಹಮತ ಇದೆ. ಟೈರಿನ ಬಗ್ಗೆ ಹೇಳುತ್ತೇನೆ.

25 ಎಂಎಂ ಟೈರಿನಲ್ಲಿ ಬಿಳಿ ರಸ್ತೆಗೆ ಇಳಿಯಬೇಡಿ. ಆರ್7000 ರಿಮ್ ಬ್ರೇಕ್ ಕ್ಯಾಲಿಪರ್ 28 ಎಂಎಂ ಟೈರಿಗೆ ಜಾಗ ಕೊಡುತ್ತದೆ. ನಿಮ್ಮ ಫ್ರೇಮ್ ಕೊಡುತ್ತದೆಯೇ ನೋಡಿ. ಗಾಳಿ ತುಂಬಿದ ಮೇಲೆ ಎರಡೂ ಬದಿ ಕನಿಷ್ಠ 4 ಎಂಎಂ ಉಳಿಯಬೇಕು. ಕಲ್ಲುಪುಡಿ ಅಂಟಿಕೊಂಡ ಟೈರು ಫ್ರೇಮಿನ ಬಣ್ಣವನ್ನಷ್ಟೇ ಅಲ್ಲ, ಕಾರ್ಬನ್ನನ್ನೂ ತೇಯುತ್ತದೆ.

ನಿಮ್ಮ ತೂಕಕ್ಕೆ 28 ಎಂಎಂನಲ್ಲಿ ಮುಂದೆ 65, ಹಿಂದೆ 70 ಪಿಎಸ್‌ಐನಿಂದ ಶುರು ಮಾಡಿ. ಹಿಡಿತ ಬೇಕೆಂದು ಇನ್ನೂ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಎರಡು ಟ್ಯೂಬ್, ಪ್ಯಾಚ್, ಕೈಪಂಪ್ ಇರಲಿ.

ಏರಿನಲ್ಲಿ ಸೀಟಿನಿಂದ ಏಳಬೇಡಿ. ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಜಾಗದಲ್ಲೇ ಸುತ್ತುತ್ತದೆ. ಕೂತು, ಮೊಣಕೈ ಬಗ್ಗಿಸಿ, ಸೀಟಿನ ಮೂತಿಗೆ ಸ್ವಲ್ಪ ಸರಿಯಿರಿ. 34/34 ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ: ನಿಧಾನವಾಗಿ, ಜರ್ಕ್ ಇಲ್ಲದೆ ತುಳಿಯಬಹುದು. ಕಾರಿನ ಚಕ್ರ ಓಡಿ ಗಟ್ಟಿಯಾದ ಪಟ್ಟಿಯ ಮೇಲೇ ಇರಿ. ಸಡಿಲ ಜಲ್ಲಿ ನಡುವಿನಲ್ಲೂ ತಿರುವಿನ ಹೊರಅಂಚಿನಲ್ಲೂ ಗುಡ್ಡೆಯಾಗಿರುತ್ತದೆ.

ಮಳೆ ಬಂದ ಮರುದಿನ ಬಿಳಿ ರಸ್ತೆ ಬಿಡುವುದೇ ಒಳ್ಳೆಯದು. ಅದರಲ್ಲೂ ಸಿಯೆನಾದ ದಕ್ಷಿಣಕ್ಕೆ, ಕ್ರೇತೆ ಸೆನೇಸಿ ಕಡೆ ಜೇಡಿಮಣ್ಣು. ಬ್ರೇಕಿನ ನಡುವೆ ತುಂಬಿಕೊಂಡರೆ ಚಕ್ರ ತಿರುಗುವುದೇ ನಿಲ್ಲುತ್ತದೆ.

ದ್ರಾಕ್ಷಿದಾರಿ:
ಇಬ್ಬರಿಗೂ ಧನ್ಯವಾದ. ನೋಡಿದೆ, ಡಿರೇಲರ್ ಎಸ್‌ಎಸ್. ಫ್ರೇಮಿನಲ್ಲಿ 28ಕ್ಕೆ ಜಾಗ ಇದೆ. 11-30 ಹಾಕಿ ಸುಮ್ಮನಿರಲೇ, ಜಿಎಸ್ ಕೊಳ್ಳಲೇ?

ಹಲ್ಲುಲೆಕ್ಕ:
ಜಿಎಸ್ ಕೊಳ್ಳಿ. 34/30ರಲ್ಲಿ ಅದೇ 60 ಸುತ್ತಿಗೆ 8.7 ಕಿ.ಮೀ. ವೇಗ, 255 ವ್ಯಾಟ್. ಅರ್ಧಕ್ಕಿಂತ ಕಡಿಮೆ ಲಾಭ. ಎಸ್‌ಎಸ್ ಮೇಲೆ 34 ಹಾಕಿ ಬಿ-ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ ಓಡಿಸುವವರಿದ್ದಾರೆ, ಸ್ಟ್ಯಾಂಡಿನ ಮೇಲೆ ಓಡಿಯೂ ಓಡುತ್ತದೆ. ಆದರೆ ಅದರ ಒಟ್ಟು ಸಾಮರ್ಥ್ಯ 35 ಹಲ್ಲು, ನಿಮಗೆ ಬೇಕಾದ್ದು 39 (ಮುಂದೆ 50ಕ್ಕೂ 34ಕ್ಕೂ ವ್ಯತ್ಯಾಸ 16, ಹಿಂದೆ 34ಕ್ಕೂ 11ಕ್ಕೂ 23). ಚೈನು 50-34ಕ್ಕೆ ಸಾಲುವಷ್ಟು ಉದ್ದ ಇಟ್ಟರೆ 34-11ರ ಕಡೆ ಜೋತುಬೀಳುತ್ತದೆ. ಬೇಡ. ಬದಲಾಯಿಸುವುದನ್ನು ಪ್ರಯಾಣಕ್ಕೆ ಎರಡು ವಾರ ಮೊದಲೇ ಮುಗಿಸಿ, ಕೇಬಲ್ ಹಿಗ್ಗಿ ಸರಿಹೊಂದಲು ಸಮಯ ಸಿಗುತ್ತದೆ.

ಇಳಿಜಾರು:
ಹತ್ತುವ ಮಾತೆಲ್ಲ ಆಯಿತು. ಬೀಳುವುದು ಇಳಿಯುವಾಗ.

ರಿಮ್ ಬ್ರೇಕನ್ನು ಇಳಿಜಾರಿನುದ್ದಕ್ಕೂ ಮೆಲ್ಲಗೆ ಹಿಡಿದುಕೊಂಡೇ ಇರಬೇಡಿ. ರಿಮ್ ಕಾಯುತ್ತದೆ, ಪ್ಯಾಡ್ ಮೇಲ್ಮೈ ಗಾಜಿನಂತಾಗಿ ಹಿಡಿತ ಹೋಗುತ್ತದೆ. ತಿರುವಿಗೆ ಮೊದಲು, ಬೈಕ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು ತಿರುಗಿ. ಬಿಳಿ ರಸ್ತೆ ಮುಗಿಸಿದ ದಿನ ಸಂಜೆ ಚಕ್ರ ಬಿಚ್ಚಿ, ಪ್ಯಾಡಿಗೆ ಚುಚ್ಚಿಕೊಂಡ ಕಲ್ಲು, ಅಲ್ಯುಮಿನಿಯಂ ಚೂರುಗಳನ್ನು ಸೂಜಿಯಿಂದ ತೆಗೆಯಿರಿ. ಬಿಟ್ಟರೆ ರಿಮ್ಮಿನಲ್ಲಿ ಗೀರು ಬೀಳುತ್ತದೆ.

ಅಕ್ಟೋಬರ್ ಆರಂಭದಲ್ಲಿ ಸಾಂಜೊವೆಸೆ ದ್ರಾಕ್ಷಿಯ ಕೊಯ್ಲು ಇನ್ನೂ ನಡೆದಿರುತ್ತದೆ. ಟ್ರ್ಯಾಕ್ಟರುಗಳು ತೋಟದಿಂದ ಹೊರಬರುವ ಕಡೆ ಟಾರಿನ ಮೇಲೆ ಹಸಿಮಣ್ಣು, ಜಜ್ಜಿದ ಹಣ್ಣು. ಕಣ್ಣಿಗೆ ಕಾಣದ ತಿರುವಿನಾಚೆ ಇದು ಇರಬಹುದೆಂದೇ ಭಾವಿಸಿ ಇಳಿಯಿರಿ.

ಇನ್ನು ನಿಯಮಗಳು. ಇಟಲಿಯಲ್ಲಿ ಊರ ಹೊರಗೆ ಸೈಕಲ್ಲುಗಳು ಒಂದರ ಹಿಂದೊಂದು ಹೋಗಬೇಕು. ಸುರಂಗದೊಳಗೆ, ಮತ್ತು ಊರ ಹೊರಗೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಹೊಳೆಯುವ ಜಾಕೆಟ್ ಕಡ್ಡಾಯ. ಆಗ ಅಲ್ಲಿ ಸಂಜೆ ಏಳರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ದೀಪವೂ ಜೊತೆಗಿರಲಿ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯದ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ವೈನ್ ರುಚಿ ನೋಡುವುದನ್ನು ಸವಾರಿ ಮುಗಿದ ಮೇಲೆ ಇಟ್ಟುಕೊಳ್ಳಿ.

ಗ್ರೆವೆ-ಸಿಯೆನಾ ನಡುವಿನ ಎಸ್‌ಆರ್222 ರಸ್ತೆಯಲ್ಲಿ ವಾರಾಂತ್ಯ ಕಾರು, ಮೋಟರ್‌ಸೈಕಲ್ ಬಹಳ. ವಾರದ ದಿನ ಬೆಳಿಗ್ಗೆ ಹೊರಡಿ. ಅಕ್ಟೋಬರಿನ ಮೊದಲ ಭಾನುವಾರ ಗಾಯೊಲೆಯಲ್ಲಿ ಲೆರೊಯಿಕಾ ನಡೆಯುತ್ತದೆ, 1987ರವರೆಗಿನ ಹಳೇ ಬೈಕುಗಳ ಸವಾರಿ. ಆ ದಿನಗಳಲ್ಲಿ ಅಲ್ಲಿ ಕೊಠಡಿ ಸಿಗುವುದು ಕಷ್ಟ, ಈಗಲೇ ಕಾಯ್ದಿರಿಸಿ. ಬ್ರೋಲಿಯೊ ಏರು ಆ ಸವಾರಿಯ ಶಾಶ್ವತ ಮಾರ್ಗದಲ್ಲೇ ಇದೆ. 209 ಕಿ.ಮೀ. ಉದ್ದಕ್ಕೂ ಫಲಕಗಳಿವೆ, ವರ್ಷವಿಡೀ ತುಳಿಯಬಹುದು. ಭಾನುವಾರ ತಪ್ಪಿಸಿ ಸೋಮವಾರ ಅಥವಾ ಮಂಗಳವಾರ ಹೋದರೆ ರಸ್ತೆ ಖಾಲಿ ಸಿಗುತ್ತದೆ.