ಒಂದೇ ಜಾಗವನ್ನ ವರ್ಷಪೂರ್ತಿ ಕ್ಯಾಮೆರಾದಲ್ಲಿ ಹಿಡಿಯೋದು ಹೇಗೆ?

ಕೇಳಿದವರು: ಹಾಸನಕ್ಕೆ ವರ್ಗವಾಗಿ ಬಂದು ಎರಡು ತಿಂಗಳಾಯ್ತು. ಹಳೇ ಡಿಎಸ್‌ಎಲ್‌ಆರ್ ಇದೆ, ಭಾನುವಾರ ಮಾತ್ರ ಬಿಡುವು. ಬೇಸಿಗೆ, ಮಳೆ, ಚಳಿಯಲ್ಲಿ ಈ ಕಡೆಯ ನೋಟ ಬದಲಾಗೋದನ್ನ ಫೋಟೋದಲ್ಲಿ ಹಿಡಿಯೋ ಆಸೆ. ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ಹೇಳಿ.

ಹಾಸನದಿಂದ: ಹತ್ತು ಕಡೆ ಓಡಾಡಬೇಡಿ, ಒಂದು ಜಾಗ ಹಿಡ್ಕೊಳ್ಳಿ. ನಾನು ಹಿಡಿದಿದ್ದು ಶೆಟ್ಟಿಹಳ್ಳಿ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಆದಮೇಲೆ ಊರು ಖಾಲಿಯಾಯ್ತು, ಚರ್ಚು ಹಿನ್ನೀರಲ್ಲಿ ನಿಂತಿತು. ಮಳೆ ಚೆನ್ನಾಗಾದ ವರ್ಷ ಗೋಡೆ ಅರ್ಧ ಮುಳುಗುತ್ತೆ. ಬೇಸಿಗೇಲಿ ಅದೇ ನೆಲದಲ್ಲಿ ದನ ಮೇಯ್ತಿರ್ತವೆ.

ನಾನು ಮೊದಲ ಚಿತ್ರ ತೆಗೆದಿದ್ದು ಏಪ್ರಿಲ್‌ನಲ್ಲಿ, ಕಮಾನುಗಳ ಎದುರಿಗೇ ನಿಂತು. ಆಗಸ್ಟ್‌ನಲ್ಲಿ ಹೋದ್ರೆ ನಾನು ನಿಂತಿದ್ದ ಜಾಗವೇ ನೀರೊಳಗೆ! ಆ ವರ್ಷದ ಕೆಲಸ ಅಲ್ಲಿಗೇ ನಿಂತುಹೋಯ್ತು. ಅದಕ್ಕೇ ಹೇಳ್ತೀನಿ, ಮೊದಲ ಚಿತ್ರ ನೀರು ತುಂಬಿದಾಗಲೇ ತೆಗೀರಿ. ದಡದ ಮೇಲೆ ನಿಲ್ಲೋ ಜಾಗ ಗುರುತು ಮಾಡ್ಕೊಂಡ್ರೆ ಅದು ಬೇಸಿಗೇಲೂ ಸಿಗುತ್ತೆ. ಮುಂದಿನ ಸಲ ಹಳೇ ಚಿತ್ರ ಮೊಬೈಲಲ್ಲಿ ತೆರೆದು, ಗೋಡೆಯ ಅಂಚು ಹಿಂದಿನ ಮರಕ್ಕೆ ಎಲ್ಲಿ ತಾಗುತ್ತೆ ನೋಡಿ ನಿಂತ್ಕೊಳ್ಳಿ. ಲೆನ್ಸೂ ಬದಲಿಸಬೇಡಿ, ನಂದು ವರ್ಷವಿಡೀ 35 ಎಂಎಂ. ಗೋಡೆ ತುಂಬಾ ಶಿಥಿಲ, ದಯವಿಟ್ಟು ಒಳಗೆ ಹೋಗಬೇಡಿ.

ಮೂಡಿಗೆರೆಯಿಂದ: ಕಾಫಿ ಹೂವು ಬೇಕಾದ್ರೆ ಕ್ಯಾಲೆಂಡರ್ ನೋಡಬೇಡಿ, ಹೂಮಳೆ, ಅಂದ್ರೆ ಕಾಫಿ ಮೊಗ್ಗು ಅರಳಿಸೋ ಬೇಸಿಗೆ ಮಳೆ, ಬಿದ್ದ ದಿನದಿಂದ ಎಣಿಸಿ. ಎಂಟು-ಹತ್ತು ದಿನಕ್ಕೆ ತೋಟವೆಲ್ಲಾ ಬೆಳ್ಳಗಾಗುತ್ತೆ, ಎರಡು ಮೂರು ದಿನಕ್ಕೆ ಕಂದಿಹೋಗುತ್ತೆ. ನಿಮಗೆ ಭಾನುವಾರ ಮಾತ್ರ ಅಂದ್ರೆ ತಪ್ಪಿಹೋಗಬಹುದು, ಅದೊಂದು ವಾರ ರಜೆ ಹಾಕಿ. ರೊಬಸ್ಟಾ ತಳಿಯ ಕಾಫಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯೋರು ಮಳೆಗೆ ಕಾಯಲ್ಲ, ಅಲ್ಲಿ ಮೊದಲೇ ಅರಳುತ್ತೆ. ಬಿಸಿಲೇರಿದ್ರೆ ಬಿಳಿ ಹೂವು ಬರೀ ಬಿಳಿ ಮಚ್ಚೆ ಆಗುತ್ತೆ, ಬೆಳಗ್ಗೆ ಎಂಟರೊಳಗೆ ಮುಗಿಸಿ. ತೋಟದವರನ್ನ ಕೇಳಿಯೇ ಒಳಗೆ ಕಾಲಿಡಿ.

ಚಿಕ್ಕಮಗಳೂರಿಂದ: ಪುನರ್ವಸು, ಪುಷ್ಯ ಮಳೇಲಿ ಮುಳ್ಳಯ್ಯನಗಿರಿ ಕಡೆ ಎದುರಿಗಿರೋ ಮನುಷ್ಯನೇ ಕಾಣಲ್ಲ. ಆದ್ರೂ ಹೋಗಿ, ಆ ಮಂಜೇ ಚಿತ್ರ. ಕ್ಯಾಮೆರಾ ಮಂಜನ್ನ ಬೂದು ಮಾಡುತ್ತೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ, ಅಂದ್ರೆ ಬೆಳಕು ಎರಡರಷ್ಟು ಮಾಡಿ. ಫೋಕಸ್ ತಡಕಾಡಿದ್ರೆ ಕೈಯಲ್ಲೇ ತಿರುಗಿಸಿ. ಮನೆಗೆ ಬಂದ ತಕ್ಷಣ ಬ್ಯಾಗಿಂದ ತೆಗೆದು ಒರೆಸಿ ಒಣಗಿಸಿ, ನನ್ನ ಒಂದು ಲೆನ್ಸ್ ಒಳಗೆ ಬೂಷ್ಟು ಹಿಡಿದು ಹಾಳಾಯ್ತು. ಉಂಬಳಕ್ಕೆ (ಜಿಗಣೆಗೆ) ಉಪ್ಪು ಇಟ್ಕೊಂಡಿರಿ.

2022ರಲ್ಲಿ ಈ ಬೆಟ್ಟಸಾಲಲ್ಲಿ ಎಷ್ಟೋ ವರ್ಷಕ್ಕೊಮ್ಮೆ ಬಿಡೋ ನೀಲಿ ಹೂವು ಕುರಿಂಜಿ ಅರಳಿದಾಗ ಎಲ್ಲರೂ ಫೋಟೋ ತೆಗೆದ್ರು. ನನ್ನ ಹತ್ರ ಅದೇ ಇಳಿಜಾರಿನ ಹಸಿರು ಚಿತ್ರಗಳು ಮೊದಲೇ ಇದ್ವು. ಪಕ್ಕಪಕ್ಕ ಇಟ್ಟಾಗ ಆ ನೀಲಿ ಎಷ್ಟು ದೊಡ್ಡದು ಅಂತ ಗೊತ್ತಾಯ್ತು.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಶೆಟ್ಟಿಹಳ್ಳಿಗೆ ಹೋಗ್ತೀನಿ. ಈಗ ನೀರು ಎಲ್ಲಿವರೆಗಿದೆ?

ಹಾಸನದಿಂದ: ಮೊನ್ನೆ ನೋಡಿದಾಗ ಕಿಟಕಿಗಳ ಕೆಳಗಂಚು ಮುಟ್ಟಿತ್ತು. ಇನ್ನೂ ಏರ್ತಿದೆ, ಒಂದಷ್ಟು ಮೇಲೇ ನಿಂತ್ಕೊಳ್ಳಿ.